ಡೇವಿಡ್ ವೆದರಾಲ್: ಒಂದು ಮಗುವಿನ ಕಾಯಿಲೆಯ ಬೆನ್ನು ಹತ್ತಿದ ವೈದ್ಯ

ಮಕ್ಕಳೇ, ಮೇ 8 ವಿಶ್ವ ಥಲಸ್ಸೇಮಿಯಾ ದಿನ. ತಂದೆತಾಯಿಯಿಂದ ಮಕ್ಕಳಿಗೆ ಬರುವ ಈ ರಕ್ತದ ಕಾಯಿಲೆಯ ಗುಟ್ಟು ಬಿಡಿಸಿದವರಲ್ಲಿ ಸರ್ ಡೇವಿಡ್ ವೆದರಾಲ್ ಪ್ರಮುಖರು. ಅವರು ಇಂಗ್ಲೆಂಡಿನವರು. ಆದರೆ ಅವರು ಕಂಡುಕೊಂಡದ್ದು ನಮ್ಮ ಮನೆಗಳಿಗೂ ಬೇಕಾದ್ದು. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಈ ಕಾಯಿಲೆಯ ವಾಹಕರು, ಅಂದರೆ ಅದರ ಜೀನ್ ಹೊತ್ತವರು, ಎಂಬ ಅಂದಾಜಿದೆ.

ವೆದರಾಲ್ 1933ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯಕೀಯ ಓದಿದರು. ಆಗ ಬ್ರಿಟನ್ನಿನ ಯುವಕರು ಎರಡು ವರ್ಷ ಕಡ್ಡಾಯವಾಗಿ ಸೇನೆಯಲ್ಲಿ ದುಡಿಯಬೇಕಿತ್ತು. ಹಾಗೆ ಅವರು ಸಿಂಗಪುರದ ಸೇನಾ ಆಸ್ಪತ್ರೆಗೆ ಬಂದರು. ಮಕ್ಕಳ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಇಲ್ಲದಿದ್ದರೂ ಮಕ್ಕಳ ವಾರ್ಡಿನ ಹೊಣೆ ಅವರ ಹೆಗಲೇರಿತು. ಅಲ್ಲಿ ನೇಪಾಳದ ಗೂರ್ಖಾ ಸೈನಿಕನೊಬ್ಬನ ಪುಟ್ಟ ಮಗಳಿದ್ದಳು. ತೀವ್ರ ರಕ್ತಹೀನತೆ, ಮತ್ತೆ ಮತ್ತೆ ರಕ್ತ ಕೊಟ್ಟೇ ಅವಳನ್ನು ಉಳಿಸಿಕೊಳ್ಳಬೇಕಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ.

ವೆದರಾಲ್ ಕೈಕಟ್ಟಿ ಕೂರಲಿಲ್ಲ. ಸ್ಥಳೀಯ ಜೀವರಸಾಯನ ತಜ್ಞರೊಬ್ಬರ ನೆರವು ಪಡೆದು, ಸೋಸುಕಾಗದ ಮತ್ತು ಕಾರಿನ ಬ್ಯಾಟರಿ ಬಳಸಿ ಅವಳ ಹಿಮೋಗ್ಲೋಬಿನ್ ಪರೀಕ್ಷಿಸಿದರು. ಅದು ಥಲಸ್ಸೇಮಿಯಾ! ಮೆಡಿಟರೇನಿಯನ್ ತೀರದವರ ಕಾಯಿಲೆಯೆಂದು ಪುಸ್ತಕಗಳು ಹೇಳುತ್ತಿದ್ದದ್ದು ಹಿಮಾಲಯದ ಮಗುವಿನಲ್ಲಿ ಸಿಕ್ಕಿತ್ತು. ಅದನ್ನು ಅವರು 1960ರಲ್ಲಿ ಪ್ರಕಟಿಸಿದರು. ಅನುಮತಿ ಕೇಳದೆ ಬರೆದದ್ದಕ್ಕೆ ಸೇನೆಯ ಮೇಲಧಿಕಾರಿಗಳಿಂದ ಬೈಸಿಕೊಂಡರು.

ಮುಂದೆ ಅಮೆರಿಕದ ವಿಶ್ವವಿದ್ಯಾಲಯವಾದ ಜಾನ್ಸ್ ಹಾಪ್‌ಕಿನ್ಸ್‌ಗೆ ಹೋದರು. ನಮ್ಮ ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಹೊತ್ತೊಯ್ಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್. ಅದರಲ್ಲಿ ಎರಡು ಆಲ್ಫಾ, ಎರಡು ಬೀಟಾ ಎಳೆಗಳಿರುತ್ತವೆ. ಜಾನ್ ಕ್ಲೆಗ್ ಮತ್ತಿತರರ ಜೊತೆ ಸೇರಿ, ಎಳೆಯ ರಕ್ತಕಣಗಳಿಗೆ ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟು, ಯಾವ ಎಳೆ ಎಷ್ಟು ತಯಾರಾಗುತ್ತದೆಂದು ವೆದರಾಲ್ ಅಳೆದರು. ಕಾಯಿಲೆಯವರಲ್ಲಿ ಎರಡೂ ಸಮವಾಗಿ ಹುಟ್ಟುತ್ತಿರಲಿಲ್ಲ. ಚಪ್ಪಲಿ ಕಾರ್ಖಾನೆಯೊಂದು ಎಡಗಾಲಿನವನ್ನೇ ಮಾಡುತ್ತ ಹೋದರೆ ಏನಾದೀತು? ಜೋಡಿಗಳು ಕಡಿಮೆಯಾಗುತ್ತವೆ, ಒಂಟಿಗಳು ರಾಶಿ ಬಿದ್ದು ದಾರಿ ಕಟ್ಟುತ್ತವೆ. ಬೀಟಾ ಥಲಸ್ಸೇಮಿಯಾದಲ್ಲಿ ಉಳಿದುಹೋದ ಆಲ್ಫಾ ಎಳೆಗಳೂ ಹೀಗೆಯೇ ಗಂಟುಕಟ್ಟಿ ರಕ್ತಕಣವನ್ನೇ ಹಾಳುಗೆಡವುತ್ತವೆ. 1965ರಲ್ಲಿ ಬಂದ ಈ ಶೋಧ ಇಂದಿಗೂ ಆ ಕಾಯಿಲೆಯ ಪಾಠದ ಬುನಾದಿ.

ಇಷ್ಟು ಕೆಟ್ಟ ಜೀನ್ ಇಷ್ಟೊಂದು ಜನರಲ್ಲಿ ಉಳಿದದ್ದೇಕೆ? ವಾಹಕರನ್ನು ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲವೇನೋ ಎಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲೇ ಊಹಿಸಿದ್ದರು. ಇವರು ಆಮೇಲೆ ಭಾರತಕ್ಕೆ ಬಂದು ನೆಲೆಸಿದ ವಿಜ್ಞಾನಿ. ಪೆಸಿಫಿಕ್ ದ್ವೀಪಗಳಲ್ಲಿ ಮಲೇರಿಯಾ ಹೆಚ್ಚಿದ್ದಲ್ಲಿ ಆಲ್ಫಾ ಥಲಸ್ಸೇಮಿಯಾವೂ ಹೆಚ್ಚಿದೆಯೆಂದು ವೆದರಾಲ್ ಬಳಗ 1986ರಲ್ಲಿ ತೋರಿಸಿ, ಆ ಊಹೆಗೆ ಬಲ ತುಂಬಿತು.

1974ರಲ್ಲಿ ವೆದರಾಲ್ ಆಕ್ಸ್‌ಫರ್ಡಿಗೆ ಪ್ರಾಧ್ಯಾಪಕರಾಗಿ ಬಂದರು. 1989ರಲ್ಲಿ ಅಲ್ಲಿ ಅವರು ಕಟ್ಟಿದ ಅಣುವೈದ್ಯಕೀಯ ಸಂಸ್ಥೆಗೆ ಈಗ ಅವರದೇ ಹೆಸರು. ಪ್ರಯೋಗಾಲಯದಲ್ಲಿ ಮುಳುಗಿದ್ದರೂ ಅವರು ರೋಗಿಯನ್ನು ಮರೆಯಲಿಲ್ಲ. ಶ್ರೀಲಂಕಾದ ಕುರುನೆಗಲದಲ್ಲಿ ಅಲ್ಲಿನ ವೈದ್ಯರೊಡನೆ ವರ್ಷಗಟ್ಟಲೆ ರೋಗಿಗಳನ್ನು ಗಮನಿಸಿದರು. ಥಲಸ್ಸೇಮಿಯಾದ ಒಂದೇ ಬಗೆ ಇರುವವರಲ್ಲೂ ಕೆಲವರು ನಿಯಮಿತವಾಗಿ ರಕ್ತ ಪಡೆಯದೆಯೇ ಚೆನ್ನಾಗಿ ಬೆಳೆಯುತ್ತಾರೆಂದು ಅಲ್ಲಿ ಕಂಡುಬಂತು. ಬಡ ದೇಶಗಳಿಗೆ ಇದು ಬಹಳ ಉಪಯುಕ್ತ ವಿಷಯ. ರಕ್ತ ಕೊಟ್ಟಷ್ಟೂ ದೇಹದಲ್ಲಿ ಕಬ್ಬಿಣ ಸೇರುತ್ತದೆ, ಅದನ್ನು ಹೊರಹಾಕುವ ಔಷಧಿಗೆ ಹಣ ಬೇಕು. 2010ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. 2018ರಲ್ಲಿ ತೀರಿಕೊಂಡರು.

ಈಗ ನಿಮಗೊಂದು ಮಾತು. ವಾಹಕರು ಆರೋಗ್ಯವಾಗಿಯೇ ಇರುತ್ತಾರೆ, ಹೆಚ್ಚಿನವರಿಗೆ ತಾವು ವಾಹಕರೆಂದೇ ಗೊತ್ತಿರುವುದಿಲ್ಲ. ತಂದೆತಾಯಿ ಇಬ್ಬರೂ ವಾಹಕರಾದರೆ ಮಾತ್ರ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ತೀವ್ರ ಕಾಯಿಲೆಯ ಸಾಧ್ಯತೆ. ಅದನ್ನು ತಿಳಿಯಲು ಸರಳ ರಕ್ತಪರೀಕ್ಷೆ ಸಾಕು. ದೊಡ್ಡವರಾದ ಮೇಲೆ, ಮದುವೆಯ ಮಾತು ಬರುವ ಹೊತ್ತಿಗೆ, ಜಾತಕಕ್ಕಿಂತ ಮೊದಲು ಆ ಪರೀಕ್ಷೆ ಮಾಡಿಸಿ. ವಯಸ್ಸು ತುಂಬಿದ ಕೂಡಲೇ ರಕ್ತದಾನವನ್ನೂ ಶುರುಮಾಡಿ. ಈ ಕಾಯಿಲೆಯ ಎಷ್ಟೋ ಮಕ್ಕಳಿಗೆ ತಿಂಗಳು ತಿಂಗಳೂ ರಕ್ತ ಬೇಕು.