ಮನಸ್ಸಿನ ನಾಡಿ ಹಿಡಿದ ನಗೆಗಾರ ವೈದ್ಯ: ಡಾ. ಎಂ. ಶಿವರಾಂ (ರಾಶಿ)

ಕನ್ನಡ ಹಾಸ್ಯ ಸಾಹಿತ್ಯದ ಮಾತು ಬಂದಾಗಲೆಲ್ಲ 'ಕೊರವಂಜಿ' ಮಾಸಪತ್ರಿಕೆ ಹಾಗೂ ಅದರ ಸಂಪಾದಕ 'ರಾಶಿ'ಯವರ ಹೆಸರು ತಾನಾಗಿಯೇ ನೆನಪಿಗೆ ಬರುತ್ತದೆ. ಆದರೆ ನಾಡನ್ನು ನಗಿಸಿದ ಈ ಮಹನೀಯರು ವೃತ್ತಿಯಿಂದ ವೈದ್ಯರಾಗಿದ್ದರು, ಮನೋರೋಗಗಳ ವಿಚಾರವನ್ನು ಕನ್ನಡದಲ್ಲಿ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು ಎಂಬ ಸಂಗತಿ ಮಲಾಡ್ ಪರಿಸರದಲ್ಲಿ ಬೆಳೆದ ನಮ್ಮ ಎಳೆಯ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ.

ಡಾ. ಎಂ. ಶಿವರಾಂ ಅವರು ಜನಿಸಿದ್ದು 1905ರಲ್ಲಿ. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತ ಸಾಹಿತ್ಯ ರಚನೆಗೂ ತೊಡಗಿದ ಅವರು, ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿಸಿ 'ರಾಶಿ' ಎಂಬ ಕಾವ್ಯನಾಮ ಧರಿಸಿದರು. ದ್ವಿತೀಯ ಮಹಾಯುದ್ಧದ ಕರಿನೆರಳಿನ 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿ, 1967ರವರೆಗೆ 25 ವರ್ಷ ನಡೆಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ಲೇಖನಿಗೆ ಅದು ಅಂಗಳವಾಯಿತು. ಮುಂಬಯಿಗರ ಮುಂಜಾವಿನ ಚಹಾದೊಂದಿಗೆ ದಶಕಗಳ ಕಾಲ ಬೆರೆತುಹೋಗಿದ್ದ 'ಶ್ರೀಸಾಮಾನ್ಯ'ನ ಸೃಷ್ಟಿಕರ್ತ ಆರ್. ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳೂ ಇದೇ ಪತ್ರಿಕೆಯಲ್ಲಿ ಬೆಳಕು ಕಂಡವು.

ಕೊರವಂಜಿ ಎಂದರೆ ಕೈ ನೋಡಿ ಕಣಿ ಹೇಳುವವಳು. ಶ್ರೀನಿವಾಸ ಕಲ್ಯಾಣದ ಕಥೆ ನಮಗೆಲ್ಲ ಪರಿಚಿತ. ಪದ್ಮಾವತಿ ಕಾಯಿಲೆ ಬಿದ್ದಾಗ ಹೆತ್ತವರಿಗೆ ಕಾರಣ ಹೊಳೆಯುವುದಿಲ್ಲ. ಕೊರವಂಜಿಯ ವೇಷದಲ್ಲಿ ಬಂದ ಶ್ರೀನಿವಾಸ, ಅದು ಮೈಯ ಬೇನೆಯಲ್ಲ, ಮನದ ಬೇನೆ ಎಂದು ತಿಳಿಸುತ್ತಾನೆ. ವೈದ್ಯರೊಬ್ಬರ ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದ್ದೀತು?

ಅವರು ಬೆಳೆದ ಕಾಲವೇ ಮನಶ್ಶಾಸ್ತ್ರವೂ ಬೆಳೆದ ಕಾಲ. 1879ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ಸ್ಥಾಪಿಸಿದಂದಿನಿಂದ ಈ ಶಾಸ್ತ್ರ ತತ್ತ್ವಶಾಸ್ತ್ರದ ಮನೆಯಿಂದ ಬೇರೆಯಾಗಿ ಸ್ವಂತ ಸಂಸಾರ ಹೂಡಿತು. ನಮ್ಮ ಅರಿವಿಗೆ ಬಾರದ ಸುಪ್ತ ಮನಸ್ಸೇ ನಡೆನುಡಿಗಳನ್ನು ಆಳುತ್ತದೆ ಎಂದು ಸಿಗ್ಮಂಡ್ ಫ್ರಾಯ್ಡ್ ವಾದಿಸಿದರೆ, ಕಣ್ಣಿಗೆ ಕಾಣುವ ವರ್ತನೆಯಷ್ಟೇ ಅಧ್ಯಯನಕ್ಕೆ ಯೋಗ್ಯವೆಂದು 1913ರಲ್ಲಿ ಅಮೆರಿಕದ ವಾಟ್ಸನ್ ಸಾರಿದರು. ಮುಂದೆ ಶಿಶು, ಶಿಕ್ಷಣ, ಉದ್ಯಮ, ಚಿಕಿತ್ಸೆ ಎಂದು ಹಲವು ಶಾಖೆಗಳು ಚಾಚಿಕೊಂಡವು. ಕನ್ನಡ ನಾಡೂ ಹಿಂದೆ ಬೀಳಲಿಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು.

ಫ್ರಾಯ್ಡ್ ಹಾಸ್ಯಕ್ಕೂ ಸುಪ್ತ ಮನಸ್ಸಿಗೂ ಇರುವ ನಂಟನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ್ದು 1905ರಲ್ಲಿ, ಅಂದರೆ ಶಿವರಾಂ ಅವರು ಹುಟ್ಟಿದ ವರ್ಷದಲ್ಲಿಯೇ. ಅದುಮಿಟ್ಟ ಭಾವ ನಗೆಯಾಗಿ ಹೊರಬಂದು ಮನಸ್ಸನ್ನು ಹಗುರಗೊಳಿಸುತ್ತದೆ ಎಂಬುದು ಅದರ ಸಾರ. ಇದು ಕಾಕತಾಳೀಯವೇ ಸರಿ. ಆದರೂ ನಗೆ ಮತ್ತು ಮನಸ್ಸು ಎರಡನ್ನೂ ಒಂದೇ ಬಾಳಿನಲ್ಲಿ ಹೊತ್ತು ನಡೆದ ರಾಶಿಯವರ ವಿಷಯದಲ್ಲಿ ಅರ್ಥಪೂರ್ಣವೆನಿಸುತ್ತದೆ.

ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕಥೆ, ಕಾದಂಬರಿ, ಕಾವ್ಯಗಳೇ ಸಾಮಾನ್ಯವಾಗಿ ಮುಂದೆ ನಿಲ್ಲುವ ಈ ಗೌರವ ಮನೋವೈದ್ಯಕ್ಕೆ ಸಂಬಂಧಿಸಿದ ಕೃತಿಗೆ ಸಂದದ್ದು ಸಣ್ಣ ಮಾತಲ್ಲ. ಇಂಗ್ಲಿಷಿನ ಹೊದಿಕೆಯೊಳಗಿದ್ದ ಶಾಸ್ತ್ರವೊಂದು ಕನ್ನಡದ ಮನೆಯಂಗಳಕ್ಕೆ ಇಳಿದು ಬಂದುದಕ್ಕೆ ಅದು ಸಾಕ್ಷಿ.

ಇದರ ಬೆಲೆ ಏನೆಂಬುದನ್ನು ನಾನು ನನ್ನ ಬಂಧುವರ್ಗದಲ್ಲಿಯೇ ಕಂಡುಕೊಂಡೆ. ನನ್ನ ಬಾಲ್ಯದಲ್ಲಿ ಹತ್ತಿರದ ಬಂಧುವೊಬ್ಬರು ಊಟ, ಮಾತು, ನಿದ್ರೆ ಎಲ್ಲವನ್ನೂ ತೊರೆದು ಮೂಲೆ ಹಿಡಿದಿದ್ದರು. ಮನೆಯವರು ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ನೆರೆಯವರಿಂದ ಮುಚ್ಚಿಟ್ಟರು. ಆ ಬೇನೆಗೆ ಹೇಳಿಕೊಳ್ಳಲು ಯೋಗ್ಯವಾದ ಒಂದು ಹೆಸರೇ ನಮ್ಮ ಮನೆಯಲ್ಲಿರಲಿಲ್ಲ. 'ಹುಚ್ಚು' ಎಂಬ ಒಂದೇ ಮಾತಿತ್ತು. ಅದನ್ನಾಡಲು ಯಾರಿಗೂ ಧೈರ್ಯವಿರಲಿಲ್ಲ. ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಬಹಳ ತಡವಾಗಿತ್ತು. ಖಿನ್ನತೆ, ಗೀಳು, ಆತಂಕ ಎಂಬ ಪದಗಳು ಅಂದು ನಮ್ಮ ಹಿರಿಯರಿಗೆ ಪರಿಚಿತವಾಗಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಕೊರವಂಜಿಯ ಪರಂಪರೆ 1983ರಲ್ಲಿ 'ಅಪರಂಜಿ'ಯ ರೂಪದಲ್ಲಿ ಮತ್ತೆ ಚಿಗುರಿತು. ಮರುವರ್ಷ, 1984ರಲ್ಲಿ, ಡಾ. ಶಿವರಾಂ ಅವರು ಇಹಲೋಕ ತ್ಯಜಿಸಿದರು. ಅವರು ಅಗಲಿ ನಾಲ್ಕು ದಶಕಗಳು ಕಳೆದಿವೆ. 2017ರ ಕಾಯಿದೆ ಮಾನಸಿಕ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಮನ್ನಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ನೆರವಾಗುತ್ತಿದೆ. ಆದರೂ ನಮ್ಮ ಕಟ್ಟಡಗಳ ಮುಚ್ಚಿದ ಬಾಗಿಲುಗಳ ಹಿಂದೆ ಸಂಕೋಚ ಇನ್ನೂ ಉಳಿದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಮಾತನಾಡುವಷ್ಟೇ ಸಹಜವಾಗಿ ಮನಸ್ಸಿನ ನೋವನ್ನೂ ಕನ್ನಡದಲ್ಲಿಯೇ ಮನೆಮಂದಿಯೊಡನೆ ಹೇಳಿಕೊಳ್ಳುವ ದಿನ ಬಂದರೆ, ಅದುವೇ ಆ ನಗೆಗಾರ ವೈದ್ಯರಿಗೆ ನಾವು ಸಲ್ಲಿಸುವ ನಿಜವಾದ ನಮನವಾದೀತು.