ಟಿಬೆಟ್‌ಗೆ ಕನ್ನಡಿ ಹಿಡಿದ ಥಾರ್ಚಿನ್

ಮುಂಡಗೋಡ: ತಾಲ್ಲೂಕಿನ ಟಿಬೆಟನ್ ಕಾಲೊನಿ ಸ್ಥಾಪನೆಯಾದದ್ದು 1966ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, 1963ರಲ್ಲಿ, ಹಿಮಾಲಯದ ಪಟ್ಟಣ ಕಾಲಿಂಪಾಂಗ್‌ನಲ್ಲಿ ಟಿಬೆಟನ್ ಭಾಷೆಯ ಒಂದು ಪತ್ರಿಕೆ ಪ್ರಕಟಣೆ ನಿಲ್ಲಿಸಿತ್ತು. ಅದರ ಹೆಸರು 'ಮೆಲೊಂಗ್'; ಅಂದರೆ ಕನ್ನಡಿ. ಮೂವತ್ತೆಂಟು ವರ್ಷ ಅದನ್ನು ನಡೆಸಿದವರು ದೋರ್ಜೆ ಥಾರ್ಚಿನ್. ಚಂದಾ ಹಣದಿಂದ ಮಾತ್ರ ಬದುಕಲಾಗದ ಪತ್ರಿಕೆಗೆ ಯಾರು ಹಣ ಕೊಡಬೇಕು, ಕೊಟ್ಟವರಿಗೆ ಅದು ಎಷ್ಟು ಬದ್ಧವಾಗಿರಬೇಕು ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಕಾಡಿತು.

ಥಾರ್ಚಿನ್ ಜನಿಸಿದ್ದು 1890ರಲ್ಲಿ, ಇಂದಿನ ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯ ಪೂ ಗ್ರಾಮದಲ್ಲಿ. ಊರಿನ ಮೊರಾವಿಯನ್ ಮಿಷನ್ ಶಾಲೆಯಲ್ಲಿ ಓದಿದ ಅವರು ಕ್ರೈಸ್ತರಾಗಿ ಬೆಳೆದರು. ಮುಂದೆ ಕಾಲಿಂಪಾಂಗ್‌ಗೆ ಬಂದು ಸ್ಕಾಟಿಷ್ ಮಿಷನ್‌ನೊಂದಿಗೆ ಕೆಲಸ ಮಾಡಿದರು. ಟಿಬೆಟ್‌ನ ಗ್ಯಾಂಟ್ಸೆಯಲ್ಲಿ ಶಿಕ್ಷಕರಾಗಿದ್ದರು. ಟಿಬೆಟನ್ ಭಾಷೆಯಲ್ಲಿ ಪತ್ರಿಕೆ ಹೊಸತೇನಲ್ಲ. ಮೊರಾವಿಯನ್ ಮಿಷನ್ 1904ರಲ್ಲಿಯೇ ಲೇಹ್‌ನಲ್ಲಿ ಮಾಸಿಕವೊಂದನ್ನು ಆರಂಭಿಸಿತ್ತು. ಆದರೆ ಹೊರಜಗತ್ತಿನ ಸುದ್ದಿಯನ್ನು ಲ್ಹಾಸಾಕ್ಕೆ ನಿಯತವಾಗಿ ತಲುಪಿಸುವ ಪತ್ರಿಕೆ ಇರಲಿಲ್ಲ.

ಐವತ್ತು ಪ್ರತಿಗಳು

1925ರ ಅಕ್ಟೋಬರ್‌ನಲ್ಲಿ 'ಮೆಲೊಂಗ್' ಮೊದಲ ಸಂಚಿಕೆ ಹೊರಬಂತು. ಮುದ್ರಿಸಿದ್ದು 50 ಪ್ರತಿ. ಅವುಗಳಲ್ಲಿ ಹೆಚ್ಚಿನವು ಲ್ಹಾಸಾದ ಪರಿಚಿತರಿಗೆ ಹೋದವು. ಒಂದು ಪ್ರತಿ 13ನೇ ದಲೈ ಲಾಮಾ ಅವರಿಗೆ ತಲುಪಿತು; ಅವರು ಅದರ ಓದುಗರೂ ಪ್ರೋತ್ಸಾಹಕರೂ ಆದರು.

ದೇಶ ವಿದೇಶಗಳ ಸುದ್ದಿಯ ಜತೆಗೆ ಉಣ್ಣೆಯ ದರವನ್ನೂ ಪತ್ರಿಕೆ ಪ್ರಕಟಿಸುತ್ತಿತ್ತು. ಟಿಬೆಟ್‌ನಿಂದ ಹೇಸರಗತ್ತೆಗಳ ಮೇಲೆ ಬರುತ್ತಿದ್ದ ಉಣ್ಣೆಯ ದೊಡ್ಡ ಮಾರುಕಟ್ಟೆ ಕಾಲಿಂಪಾಂಗ್‌ನಲ್ಲಿತ್ತು. ವಿದ್ವಾಂಸ ಗೆಂಡುನ್ ಚೋಫೆಲ್, ಭೂಮಿ ದುಂಡಗಿದೆ ಎಂದು ವಾದಿಸಿ 1938ರಲ್ಲಿ ಬರೆದ ಲೇಖನ ಬೆಳಕು ಕಂಡದ್ದು ಇಲ್ಲಿಯೇ. ಅವರು ಓದಿದ್ದ ದ್ರೆಪುಂಗ್ ಮಠದ ಗೋಮಾಂಗ್ ವಿದ್ಯಾಲಯವು ಇಂದು ಮುಂಡಗೋಡ ಕಾಲೊನಿಯಲ್ಲಿ ನೆಲೆಗೊಂಡಿದೆ.

ಪ್ರಭಾವ ದೊಡ್ಡದಿದ್ದರೂ ಪ್ರಸಾರ ಸಣ್ಣದು. ಅದು ಐನೂರು ಪ್ರತಿಗಳ ಆಸುಪಾಸಿನಲ್ಲಿಯೇ ಉಳಿಯಿತು. ಓದುಗರು ಹಿಮಾಲಯದ ಆಚೆ ಚದುರಿದ್ದರು. ಇಷ್ಟು ಕಡಿಮೆ ಪ್ರಸಾರದಿಂದ ಅಚ್ಚಿನ ಖರ್ಚು ಹುಟ್ಟುವುದು ಕಷ್ಟವಿತ್ತು. ಮೊದಲ ಎರಡು ದಶಕ ಮಿಷನ್ ಆಸರೆ ನೀಡಿತು. 1946ರಲ್ಲಿ ಥಾರ್ಚಿನ್ ಅದರಿಂದ ಹೊರಬಂದು ಸ್ವಂತ ಮುದ್ರಣಾಲಯ ಸ್ಥಾಪಿಸಿದರು.

ಹಣದ ಋಣ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಆಡಳಿತ ಪತ್ರಿಕೆಗೆ ನೆರವು ನೀಡಿತು. ಟಿಬೆಟನ್ನರಿಗೆ ಯುದ್ಧದ ವಾರ್ತೆ ತಮ್ಮ ಕಡೆಯಿಂದ ತಲುಪಬೇಕೆಂಬುದು ಅಧಿಕಾರಿಗಳ ಇಚ್ಛೆಯಾಗಿತ್ತು. ಥಾರ್ಚಿನ್ ಅವರು ಬ್ರಿಟಿಷ್ ಗುಪ್ತಚರ ವಿಭಾಗಕ್ಕೂ ಮಾಹಿತಿ ಒದಗಿಸಿದ್ದರು. ಅವರ ಬದುಕಿನ ಈ ಅಧ್ಯಾಯವನ್ನು ಮರೆಮಾಚುವಂತಿಲ್ಲ. ಓದುಗರಿಗೆ ಸುದ್ದಿಯನ್ನೂ ಸರ್ಕಾರಕ್ಕೆ ಮಾಹಿತಿಯನ್ನೂ ಒಬ್ಬರೇ ಒದಗಿಸುವಾಗ ಪತ್ರಕರ್ತನ ಹೊಣೆ ಯಾರಿಗೆ ಎಂಬುದು ಅಸ್ಪಷ್ಟವಾಗುತ್ತದೆ.

ಹಾಗೆಂದು ಎಲ್ಲ ಹಣಕ್ಕೂ ಅವರು ಕೈಯೊಡ್ಡಲಿಲ್ಲ. 1950ರ ದಶಕದಲ್ಲಿ, ಟಿಬೆಟ್ ಚೀನಾದ ಹಿಡಿತಕ್ಕೆ ಸಿಲುಕಿದ ಮೇಲೆ, ಟಿಬೆಟನ್ ಗಣ್ಯರೊಬ್ಬರ ಮೂಲಕ ಚೀನೀಯರ ಪ್ರಸ್ತಾಪವೊಂದು ಬಂತು. ಚೀನಾ ವಿರೋಧಿ ಬರಹ ನಿಲ್ಲಿಸಿ ಅಲ್ಲಿನ ಪ್ರಗತಿಯ ವರದಿ ಪ್ರಕಟಿಸಿದರೆ 500 ಪ್ರತಿಗಳನ್ನು ಕೊಳ್ಳಲಾಗುವುದು, ಪತ್ರಿಕೆ ಮುಚ್ಚಲು ಬಿಡುವುದಿಲ್ಲ ಎಂಬ ಭರವಸೆ ಅದರಲ್ಲಿತ್ತು. ಒಪ್ಪಿದ್ದರೆ ಪ್ರಸಾರ ಒಂದೇ ಏಟಿಗೆ ಇಮ್ಮಡಿಯಾಗುತ್ತಿತ್ತು. ಥಾರ್ಚಿನ್ ನಿರಾಕರಿಸಿದರು. ನೆರವು ಪಡೆಯುವುದು ಬೇರೆ, ಏನು ಬರೆಯಬೇಕೆಂಬ ಷರತ್ತನ್ನು ಪಡೆಯುವುದು ಬೇರೆ ಎಂಬ ವಿವೇಚನೆ ಆ ನಿರಾಕರಣೆಯಲ್ಲಿ ಕಾಣುತ್ತದೆ.

1959ರಲ್ಲಿ 14ನೇ ದಲೈ ಲಾಮಾ ಭಾರತಕ್ಕೆ ಬಂದರು. ನಿರಾಶ್ರಿತರು ತಮ್ಮದೇ ಪತ್ರಿಕೆ ಕಟ್ಟಿಕೊಂಡರು. ಎಪ್ಪತ್ತು ದಾಟಿದ್ದ ಥಾರ್ಚಿನ್ 'ಮೆಲೊಂಗ್' ನಿಲ್ಲಿಸಿದರು. 1976ರ ಫೆಬ್ರುವರಿಯಲ್ಲಿ, 85ನೇ ವಯಸ್ಸಿನಲ್ಲಿ, ಅವರು ನಿಧನರಾದರು.

ಮುಗಿಯದ ಪ್ರಶ್ನೆ

ಅವರ ನಂತರವೂ ಟಿಬೆಟನ್ ಸುದ್ದಿಗೆ ಹಣದ ಚಿಂತೆ ತಪ್ಪಲಿಲ್ಲ. ಅಮೆರಿಕ ಸರ್ಕಾರದ ಹಣದಿಂದ ವಾಯ್ಸ್ ಆಫ್ ಅಮೆರಿಕ 1991ರಲ್ಲಿ, ರೇಡಿಯೊ ಫ್ರೀ ಏಷ್ಯಾ 1996ರಲ್ಲಿ ಟಿಬೆಟನ್ ಪ್ರಸಾರ ಆರಂಭಿಸಿದವು. ಸುದ್ದಿಯಲ್ಲಿ ಸರ್ಕಾರ ಕೈಯಾಡಿಸದಂತೆ ಅಲ್ಲಿನ ಕಾನೂನಿನಲ್ಲಿ ರಕ್ಷಣೆಯಿದೆ. ಖರ್ಚಿನ ಲೆಕ್ಕ ಸಂಸತ್ತಿನ ಮುಂದಿಡಬೇಕು. ಥಾರ್ಚಿನ್ ಅವರಿಗೆ ಇಂತಹ ಲಿಖಿತ ರಕ್ಷಣೆ ಇರಲಿಲ್ಲ. ಆದರೂ 2025ರ ಮಾರ್ಚ್‌ನಲ್ಲಿ ಅಮೆರಿಕ ಆಡಳಿತ ಈ ಎರಡೂ ಸಂಸ್ಥೆಗಳ ನೆರವಿಗೆ ಕತ್ತರಿ ಹಾಕಲು ಮುಂದಾಯಿತು. ಸಂಪಾದಕನ ಸ್ವಾತಂತ್ರ್ಯವನ್ನು ಕಾನೂನು ಕಾಯಬಲ್ಲದು. ಹಣದ ಮೂಲ ಒಂದೇ ಆಗಿದ್ದರೆ ಸಂಸ್ಥೆಯ ಉಳಿವನ್ನು ಕಾಯುವುದು ಅದಕ್ಕೂ ಕಷ್ಟ.

'ಮೆಲೊಂಗ್' ಸಂಚಿಕೆಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಡಿಜಿಟಲ್ ರೂಪದಲ್ಲಿ ಸಂರಕ್ಷಿಸಿದೆ. ಉಣ್ಣೆಯ ದರದಿಂದ ಹಿಡಿದು ಒಂದು ನಾಡು ಕೈತಪ್ಪಿದ ವರ್ತಮಾನದವರೆಗೆ ಎಲ್ಲವೂ ಅವುಗಳಲ್ಲಿ ದಾಖಲಾಗಿದೆ.