ಆಡಿಯೋಗ್ರಾಂನಲ್ಲಿ ಉಳಿದ ಹೆಸರು: ಅಲೆಕ್ಸಾಂಡರ್ ಗ್ರಹಾಂ ಬೆಲ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಎಲ್ಲಿಯೇ ಶ್ರವಣ ಪರೀಕ್ಷೆ ಮಾಡಿಸಿಕೊಂಡರೂ ಕೈಗೆ ಬರುವ ಆಡಿಯೋಗ್ರಾಂನಲ್ಲಿ ಡೆಸಿಬಲ್ ಎಂಬ ಮಾನ ಇದ್ದೇ ಇರುತ್ತದೆ. ಆ ಪದದೊಳಗೆ ಅಡಗಿರುವುದು ದೂರವಾಣಿಯ ಜನಕನೆಂದು ಲೋಕಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಹೆಸರು. ಆತ ತನ್ನನ್ನು ಮೊದಲಿಗೆ ಕಿವುಡರ ಶಿಕ್ಷಕನೆಂದೇ ಭಾವಿಸಿದ್ದನೆಂಬುದು ಅನೇಕರಿಗೆ ತಿಳಿಯದು.

ಬೆಲ್ 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದ. ವಿಶ್ವ ಶ್ರವಣ ದಿನವೂ ಅದೇ ದಿನಾಂಕದಂದು ಬರುವುದು ಕಾಕತಾಳೀಯ. ಎರಡು ಕಿವಿಗಳನ್ನು ಹೋಲುವ 3-3 ಅಂಕಿಗಳಿಗಾಗಿ ಆ ದಿನವನ್ನು ಆರಿಸಲಾಗಿದೆ. ತಂದೆ ಉಚ್ಚಾರಣಾ ಶಾಸ್ತ್ರದ ವಿದ್ವಾಂಸ. ತಾಯಿ ಎಲಿಜಾಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲವಾದರೂ ಶ್ರವಣ ಕೊಳವೆಯ ನೆರವಿನಿಂದ ಆಕೆ ಪಿಯಾನೋ ನುಡಿಸುತ್ತಿದ್ದಳು. ಕ್ಷಯರೋಗಕ್ಕೆ ಇಬ್ಬರು ಸಹೋದರರು ಬಲಿಯಾದ ಬಳಿಕ, 1870ರಲ್ಲಿ ಕುಟುಂಬ ಕೆನಡಾಕ್ಕೆ ವಲಸೆ ಹೋಯಿತು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್‌ನಲ್ಲಿ ಕಿವುಡ ಮಕ್ಕಳಿಗೆ ಮಾತು ಕಲಿಸತೊಡಗಿದ.

1876ರ ಮಾರ್ಚ್ 7ರಂದು ದೂರವಾಣಿಯ ಪೇಟೆಂಟ್ ದೊರೆಯಿತು. 1877ರಲ್ಲಿ ಆತ ತನ್ನ ಶಿಷ್ಯೆ ಮೇಬಲ್ ಹಬ್ಬರ್ಡ್‌ಳನ್ನು ವಿವಾಹವಾದ. ಐದನೆಯ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರದಿಂದ ಶ್ರವಣಶಕ್ತಿಯನ್ನು ಪೂರ್ತಿ ಕಳೆದುಕೊಂಡಿದ್ದ ಆಕೆ ತುಟಿಯ ಚಲನೆ ನೋಡಿ ಮಾತನ್ನು ಗ್ರಹಿಸುತ್ತಿದ್ದಳು. ತಾಯಿಗೆ ನೆರವಾದ ಕೊಳವೆ ಪತ್ನಿಗೆ ನಿರುಪಯುಕ್ತ. ಕಿವುಡುತನ ಒಂದೇ ಬಗೆಯದಲ್ಲ ಎಂಬುದಕ್ಕೆ ಆತನ ಮನೆಯೇ ಸಾಕ್ಷಿಯಾಗಿತ್ತು. ಶ್ರವಣವನ್ನು ಅಳೆಯುವ ಆಡಿಯೋಮೀಟರ್‌ನ ಆರಂಭಿಕ ರೂಪವೊಂದನ್ನೂ ಬೆಲ್ ನಿರ್ಮಿಸಿದ.

ಇಂದಿನ ಶ್ರವಣ ಸಾಧನವನ್ನು ಹೊಂದಿಸುವುದು ಇಂಥ ಅಳತೆಯಿಂದಲೇ. ಕಿವಿ ಸೋರುವಿಕೆ ಅಥವಾ ತಮಟೆಯ ರಂಧ್ರದಿಂದ ಶಬ್ದ ಒಳಗಿವಿಗೆ ತಲುಪದಿದ್ದರೆ ಮೊದಲು ಚಿಕಿತ್ಸೆ ಅಗತ್ಯ. ಉಳಿದ ದೋಷಕ್ಕೆ ಶಬ್ದವನ್ನು ಹೆಚ್ಚಿಸುವುದೇ ಬಹುಪಾಲು ಸಾಕಾಗುತ್ತದೆ. ಸೋರುವ ಕಿವಿಗೆ ಮೂಳೆಯ ಮೂಲಕ ಶಬ್ದ ಕಳಿಸುವ ಸಾಧನವಿದೆ. ಒಳಗಿವಿ ಅಥವಾ ನರದ ದೋಷ ಇದಕ್ಕಿಂತ ಜಟಿಲ. ವಯಸ್ಸಾದವರಲ್ಲಿ ಮೊದಲು ಕುಂದುವುದು ಹೆಚ್ಚು ಕಂಪನಾಂಕದ ಧ್ವನಿ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸೇರು ಎಂದದ್ದು ತೇರು ಎಂದಾಗುತ್ತದೆ. ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಸಾಮಾನ್ಯವಾಗಿ 4000 ಹರ್ಟ್ಜ್ ಆಸುಪಾಸಿನಲ್ಲಿ ಶ್ರವಣ ಮೊದಲು ಕುಸಿಯುತ್ತದೆ. ಇಂಥವರ ಸಾಧನದಲ್ಲಿ ಕುಂದಿದ ಕಂಪನಾಂಕಗಳನ್ನಷ್ಟೇ ಹೆಚ್ಚಿಸಿ, ಮೆಲುದನಿಯನ್ನು ಎತ್ತಿ, ಜೋರು ಸದ್ದನ್ನು ಮಿತಿಯಲ್ಲಿಡಬೇಕು. ಎಲ್ಲ ಧ್ವನಿಯನ್ನೂ ಸಮನಾಗಿ ಏರಿಸಿದರೆ ಪಾತ್ರೆಯ ಸದ್ದೂ ಕಿವಿಗೆ ಬಡಿಯುತ್ತದೆ. ಸಾಧನ ಪೆಟ್ಟಿಗೆ ಸೇರುತ್ತದೆ. ಪರೀಕ್ಷೆಯಿಲ್ಲದೆ ಅಂಗಡಿಯಲ್ಲಿ ಕೊಂಡ ಯಂತ್ರಗಳ ಗತಿ ಬಹುತೇಕ ಇದೇ. ಕೆಲವು ವಾರ ಬಳಸಿದ ಮೇಲೆ ಶ್ರವಣತಜ್ಞರಲ್ಲಿ ಮರುಹೊಂದಿಕೆ ಮಾಡಿಸಿಕೊಳ್ಳುವುದೂ ಅವಶ್ಯ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಜ್ಞರನ್ನು ತಯಾರಿಸುತ್ತ ಬಂದಿದೆ.

ಶ್ರವಣದ ಭೇದಗಳನ್ನು ಅಳೆಯಲೆತ್ನಿಸಿದ ಬೆಲ್, ಶಿಕ್ಷಣದಲ್ಲಿ ಮಾತ್ರ ಎಲ್ಲ ಕಿವುಡರಿಗೂ ಒಂದೇ ದಾರಿ ಸೂಚಿಸಿದ. ಮಾತು ಮತ್ತು ತುಟಿ ಓದುವಿಕೆಯೇ ಸರಿ, ಸಂಜ್ಞಾ ಭಾಷೆ ಬೇಡ ಎಂಬುದು ಆತನ ವಾದ. ಕಿವುಡರು ಪರಸ್ಪರ ವಿವಾಹವಾಗುವುದನ್ನೂ 1883ರ ಪ್ರಬಂಧದಲ್ಲಿ ಆಕ್ಷೇಪಿಸಿದ. ಈ ಬಗೆಯ ಧೋರಣೆ ಪ್ರಬಲವಾದಂತೆ ಅನೇಕ ಶಾಲೆಗಳಿಂದ ಸಂಜ್ಞಾ ಭಾಷೆ ದಶಕಗಳ ಕಾಲ ಹೊರಗುಳಿಯಿತು. ಯಾವ ಸಾಧನದಿಂದಲೂ ಮಾತು ಕೇಳಿಸದ ಮಕ್ಕಳು ಕಲಿಕೆಯ ಸಹಜ ಮಾಧ್ಯಮವನ್ನೇ ಕಳೆದುಕೊಂಡರು. ಕಿವುಡ ಸಮುದಾಯದ ಅನೇಕರು ಇಂದಿಗೂ ಆತನನ್ನು ಕ್ಷಮಿಸಿಲ್ಲ. ಆದರೆ ಹೆಲೆನ್ ಕೆಲ್ಲರ್‌ಳ ತಂದೆಗೆ ಪರ್ಕಿನ್ಸ್ ಶಾಲೆಯ ದಾರಿ ತೋರಿದವನೂ ಆತನೇ. ಕೃತಜ್ಞಳಾದ ಆಕೆ 1903ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯನ್ನು ಆತನಿಗೇ ಅರ್ಪಿಸಿದಳು.

1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದಲ್ಲಿ ಬೆಲ್ ನಿಧನನಾದ. ಅಂತ್ಯಕ್ರಿಯೆಯ ದಿನ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಮೌನವಾದವು. ಅದೇ ದಶಕದಲ್ಲಿ ದೂರವಾಣಿ ಎಂಜಿನಿಯರುಗಳು ಶಬ್ದಮಟ್ಟದ ಮಾನಕ್ಕೆ ಆತನ ಹೆಸರಿಟ್ಟರು. ಶ್ರವಣ ಸಾಧನ ಕೊಳ್ಳುವ ಮುನ್ನ ಪ್ರತಿ ಕಿವಿಯ ಅಳತೆಯನ್ನು ಆ ಮಾನದಲ್ಲಿ ಬರೆಸಿಕೊಳ್ಳುವುದು ಇಂದಿಗೂ ಮೊದಲ ಹೆಜ್ಜೆ.